ಹುರಿಟ್ಟಿನ ಹಲ್ಲು

ಇವತ್ತು ಶಿಶುವಿಹಾರಕ್ಕೆ ರಜೆ, ಗಾಳಿಯ ದೆಸೆಯಿಂದ.
ಪುಂತಾ ಅರೆನಾಸ್‌ನ ಪೇಟೆ ಮೂಲೆಗಳಿಗೆ ಹಗ್ಗ ಕಟ್ಟಿದ್ದಾರೆ,
ದೊಡ್ಡವರೇ ಅದನ್ನು ಹಿಡಿದು ರಸ್ತೆ ದಾಟುತ್ತಾರೆ.
ನಾಲ್ಕು ವರ್ಷದವಳನ್ನು ಈ ಗಾಳಿ
ಟೋಪಿಯ ಹಾಗೆ ಎತ್ತಿಕೊಂಡು ಹೋದೀತು.
ಹಾಗಾಗಿ ಆಯೆಲೆನ್ ಇಡೀ ದಿನ ನನ್ನ ಪಾಲಿಗೆ.

ನನಗೂ ಹೊರಗೆ ಹೋಗುವ ಮನಸ್ಸಿಲ್ಲ.
ಸೋಮವಾರ ಬಚ್ಚಲಲ್ಲಿ ಕೈಜಾರಿ
ನನ್ನ ಹಲ್ಲಿನ ಸೆಟ್ಟು ಎರಡು ಹೋಳಾಯಿತು.
ಹೊಸದಕ್ಕೆ ಇನ್ನೂ ಹತ್ತು ದಿನ.
ಮೂವತ್ತು ವರ್ಷ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕಿದವನು,
ಕಬ್ಬಿಣದ ಎಷ್ಟೋ ಬಿರುಕು ಮುಚ್ಚಿದವನು,
ಈಗ ಅಂಗಡಿಯವನೆದುರು
ಬಾಯಿಗೆ ಅಂಗೈ ಅಡ್ಡ ಹಿಡಿದು ಬ್ರೆಡ್ಡು ಕೇಳುತ್ತೇನೆ.

"ತಾತಾ, ಮಣ್ಣಾಟ."
ಹೊರಗಿನ ಮಣ್ಣೆಲ್ಲ ಗಾಳಿಯದಾಗಿದೆ, ಮಗೂ.
ಡಬ್ಬಿಯಲ್ಲಿ ಬರುವ ಬಣ್ಣದ ಹಿಟ್ಟು ಬೇಡವೇ ಬೇಡ,
ಹೋದ ಸಲ ನೀಲಿ ಉಂಡೆ ನುಂಗಿ
ನಿನ್ನಮ್ಮನನ್ನು ರಾತ್ರಿಯೆಲ್ಲ ಕೂರಿಸಿದ್ದೆ.
ತಿನ್ನಬಹುದಾದ ಮಣ್ಣನ್ನೇ ಕಲಸೋಣ.

ಕಪಾಟಿನಲ್ಲಿ ಹುರಿಟ್ಟು ಇದೆ,
ಚಿಲೋಯೆ ದ್ವೀಪದಿಂದ ನನ್ನಕ್ಕ ಕಳಿಸಿದ್ದು.
ಡಬ್ಬಿ ತೆರೆದರೆ ಹುರಿದ ಗೋಧಿಯ ಕಂದು ಪರಿಮಳ
ಮೊದಲು ಮೂಗಿಗೆ, ಆಮೇಲೆ ಎಲ್ಲಿಗೋ ಹೋಗುತ್ತದೆ.
ಹಾಲಿನ ಪುಡಿ ಎರಡು ಬಟ್ಟಲು;
ಅವಳು ಎಣಿಸಿದ್ದು ಏಳು, ಸುರಿದದ್ದು ಮೂರು,
ಮಿಕ್ಕದ್ದು ಹುಬ್ಬಿನ ಮೇಲೆ.
ಕರಗಿದ ಬೆಣ್ಣೆ, ಜೇನು.
ಮೊದಲು ಮರಳು, ಮತ್ತೆ ಕೆಸರು,
ಮತ್ತೆ, ಸಾಕಾ ಅಂತ ಕೇಳಿದರೆ,
ಕಿವಿಯ ಹಾಲೆಯಷ್ಟು ಮೆತ್ತಗಾಗಬೇಕು ಅಂದೆ.
ಅವಳು ನನ್ನ ಕಿವಿ ಹಿಡಿದು ಜಗ್ಗಿ ನೋಡಿದಳು,
ಹಿಟ್ಟನ್ನು ನೋಡಿದಳು,
"ನಿನ್ನದು ಇನ್ನೂ ಕಲಸಬೇಕು" ಅಂದಳು.

ಬಣ್ಣಕ್ಕೆ ಒಂದು ಚಮಚ ಕಲಾಫಾತೆ ಹಣ್ಣಿನ ಜಾಮು.
ಅದನ್ನು ತಿಂದವರು ಈ ಸೀಮೆಗೆ ಮರಳಿ ಬರುತ್ತಾರಂತೆ,
ಪ್ರವಾಸಿಗರಿಗೆ ಹಾಗೆ ಹೇಳಿ ಮಾರುತ್ತಾರೆ.
ಎಲ್ಲಿಗೂ ಹೋಗದವನಿಗೆ
ಅದು ಬರೀ ನೇರಳೆ.

ನಾಯಿ ಮಾಡಿದಳು, ಬಾಲ ಕಚ್ಚಿದಳು.
ಹುಳು ಮಾಡಿದಳು, ಇಡಿಯಾಗಿ ನುಂಗಿದಳು.
ಆಮೇಲೆ ಗಾಳಿ ಮಾಡಿದಳು:
ಮುಷ್ಟಿಯಲ್ಲಿ ಹಿಸುಕಿದಾಗ
ಬೆರಳ ಸಂದಿಯಿಂದ ಹೊರಬಂದದ್ದೇ ಗಾಳಿ.
ಅದನ್ನೂ ತಿಂದಳು.
ಕಿಟಕಿ ಮಾತ್ರ ಅದುರುತ್ತಲೇ ಇತ್ತು.

ಆಮೇಲೆ ಸದ್ದಿಲ್ಲ.
ಮಗು ಸುಮ್ಮನಾದರೆ ತಿರುಗಿ ನೋಡಬೇಕು, ನೋಡಿದೆ.
ಮೇಜಿನ ಅಂಚಿಗೆ ಸಾಲಾಗಿ
ಅಕ್ಕಿಗಿಂತ ದಪ್ಪ, ಅವರೆಗಿಂತ ಸಣ್ಣ,
ಹದಿಮೂರು ಕಾಳು. ಒಂದು ಮಾತ್ರ ನೇರಳೆ.
"ತಾತಾ, ಆ ಮಾಡು."

ಆ ಮಾಡಿದೆ.
ತೀರಿಹೋದ ಹೆಂಡತಿಗೂ ತೋರಿಸದ ಬೋಳು ವಸಡು.
ಅಂಟು ಬೆರಳು ಒಂದೊಂದನ್ನೇ ಊರಿ, ಒತ್ತಿ,
ಕಣ್ಣು ಕಿರಿದು ಮಾಡಿ, ನಾಲಿಗೆ ತುದಿ ಹೊರಚಾಚಿ.
ಬೆಸುಗೆಯ ಕೊನೆ ಚುಕ್ಕೆಗೆ
ನಾನೂ ಹೀಗೇ ಉಸಿರು ಹಿಡಿಯುತ್ತಿದ್ದೆ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ,
ಆ ಹಳೇ ಲೆಕ್ಕ ನನ್ನ ಬಾಯಲ್ಲಿ ತಪ್ಪಿತು.
ಹಲ್ಲೇ ಕಡಲೆ.
ಮೇಲ್ದವಡೆಯಿಂದ ಜೇನು ಜಿನುಗುತ್ತಿದೆ,
ನುಂಗಿದರೆ ಹಲ್ಲು ಹೋಯಿತು,
ನುಂಗದಿದ್ದರೆ ಜೊಲ್ಲು.

ಆಗ ಬಾಗಿಲು ಬಡಿದ ಸದ್ದು.
ಎದುರುಮನೆಯ ಇಸ್ಮೇನಿಯಾ, ಕೂದಲು ಹಕ್ಕಿಗೂಡು,
ಹಾರಿಹೋಗಿದ್ದ ನಮ್ಮ ಬಕೆಟ್ಟು ಕೈಯಲ್ಲಿ.
ಅಂಗೈ ಅಡ್ಡ ಹಿಡಿಯುವುದು ಮರೆತೇಹೋಯಿತು.
"ಗ್ರಾಸಿಯಾಸ್" ಅಂದೆ,
ಕೊನೆಯ 'ಸ್' ಜೊತೆ ನೇರಳೆ ಹಲ್ಲು ಹಾರಿ
ಅವಳ ಕೋಟಿನ ಮೇಲೆ ಗುಂಡಿಯಂತೆ ಕೂತಿತು.

ಅವಳು ಹಲ್ಲನ್ನು ನೋಡಿದಳು.
ನನ್ನನ್ನು ನೋಡಿದಳು.
ನನ್ನ ಮೊಣಕಾಲ ಹಿಂದಿನಿಂದ ಒಂದು ದನಿ:
"ತಿನ್ನಬಹುದು. ನಾವೇ ಮಾಡಿದ್ದು."

ಇಸ್ಮೇನಿಯಾ ಬಕೆಟ್ಟು ಕೆಳಗಿಟ್ಟಳು,
ನಿಧಾನವಾಗಿ ಕೈಗವಸು ಬಿಚ್ಚತೊಡಗಿದಳು.
ಉಳಿದ ಹನ್ನೆರಡೂ ಆಗಲೇ ಕರಗುತ್ತಿದ್ದವು.
ನಾನು ಬಾಯಿ ಮುಚ್ಚಲಿಲ್ಲ.